ಶಾಂತಾ ಆ್ಯಂಡ್ ಗೋದಾವರಿ

ನಮ್ಮ ಓಣಿಯ ಮೂಲೆಗೆ ಹೊಸದಾಗಿ ಒಂದು ಕಿರಾಣಿ ಅಂಗಡಿ ಬಂದಿದೆ. ಬೋರ್ಡಿನ ಮೇಲೆ ಮಾಲಕನ ಹೆಸರು, ಅದರ ಮುಂದೆ ದಪ್ಪ ಅಕ್ಷರದಲ್ಲಿ 'ಆ್ಯಂಡ್ ಸನ್ಸ್'. ಆ ಹುಡುಗನಿಗೆ ಇನ್ನೂ ಮದುವೆಯೇ ಆಗಿಲ್ಲ. ಮೊನ್ನೆ ಬೆಲ್ಲ ತರಲು ಹೋದಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ಏನಪಾ, ಸನ್ಸ್ ಎಲ್ಲಿ ಅದಾರ?"

ಅವನು ತಕ್ಕಡಿಯಿಂದ ಕಣ್ಣು ತೆಗೆಯದೆ, "ಬರ್ತಾರ ತಗೋರಿ ಅಜ್ಜಿ. ಬೋರ್ಡ್ ಎರಡೆರಡು ಸಲ ಯಾಕ ಬರಸೂದು?" ಎಂದ.

ಬೆಲ್ಲದ ಪೊಟ್ಟಣ ಹಿಡಿದು ಮನೆಗೆ ಬಂದೆ. ಆದರೆ ಆ 'ಆ್ಯಂಡ್' ನನ್ನ ಬೆನ್ನು ಬಿಡಲಿಲ್ಲ. ನೀವು ನಗಬಹುದು. ಇಂಗ್ಲಿಷಿನಲ್ಲಿ ನಾಲಿಗೆ ತಿರುಚುವಂಥ ಎಷ್ಟೆಷ್ಟೋ ಶಬ್ದಗಳಿವೆ, ಅವಕ್ಕೆಲ್ಲ ಹೆದರದವಳು ಈ ಎಳ್ಳುಕಾಳಿನಷ್ಟು ಶಬ್ದಕ್ಕೆ ಹೆದರುತ್ತೀಯಾ ಎನ್ನಬಹುದು. ಹೌದ್ರಿ, ಹೆದರುತ್ತೇನೆ. ಅದರ ಅರ್ಥ 'ಮತ್ತು', ಅದು ಎರಡನ್ನು ಕೂಡಿಸುತ್ತದೆ ಎಂದು ನನಗೆ ಕಲಿಸಿದರು. ನನ್ನ ಅನುಭವದಲ್ಲಿ ಅದು ಕೂಡಿಸಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಒಂದು ಸಲವಂತೂ ಒಬ್ಬಳೇ ಇದ್ದ ನನ್ನನ್ನು ಇಬ್ಬರನ್ನಾಗಿ ಮಾಡಿ, ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡುವುದರಲ್ಲಿತ್ತು.

ನಾನು ಹುಟ್ಟಿ ಬೆಳೆದದ್ದು ಇಂಡಿ ಎಂಬ ಊರಿನಲ್ಲಿ. ಆಗ ನಮ್ಮ ಭಾಗವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎಂಟನೆಯ ಇಯತ್ತೆಗೆ ಬಂದ ಮೇಲೆಯೇ ಶಾಲೆಯಲ್ಲಿ ಇಂಗ್ಲಿಷು ಶುರು. ಅಲ್ಲಿಯವರೆಗೆ ನಮಗೆ ಇಂಗ್ಲಿಷು ಎಂದರೆ ಭೀಮು ಮಾಮಾ. ಮಾಮಾ ನನ್ನ ಅವ್ವನ ತಮ್ಮ. ಸೊಲ್ಲಾಪುರದ ಒಂದು ಗಿರಣಿಯಲ್ಲಿ ಬಿಳಿಯ ದೊರೆಯೊಬ್ಬನ ಕೈಕೆಳಗೆ ಕಾರಕೂನನಾಗಿದ್ದು, ದೊರೆ ತನ್ನ ದೇಶಕ್ಕೆ ಹೊರಟುಹೋದ ಮೇಲೆ ಇಂಡಿಗೆ ಮರಳಿ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿದ್ದ. ದೊರೆ ಹೋದರೂ ಅವನ ಇಂಗ್ಲಿಷು ಮಾಮಾನ ಹತ್ತಿರ ಉಳಿದುಬಿಟ್ಟಿತ್ತು. ಯಾರಿಗೂ ಬೇಕಿರದಿದ್ದರೂ ಅವನು ಅದನ್ನು ದಿನಾ ಹೊರಗೆ ತೆಗೆಯುತ್ತಿದ್ದ.

ಅವ್ವ ಚಹಾ ಕೊಟ್ಟರೆ ಒಂದು ಗುಟುಕು ಹೀರಿ, "ನೈಸ್ ಆ್ಯಂಡ್ ಹಾಟ್!" ಎನ್ನುತ್ತಿದ್ದ. "ಬೈದನೋ ಹೊಗಳಿದನೋ ನೋಡ" ಎಂದು ಅವ್ವ ನನ್ನ ಮುಖ ನೋಡುತ್ತಿದ್ದಳು. ಚೆನ್ನಾಗಿದೆ, ಬಿಸಿಯೂ ಇದೆ ಎಂದರ್ಥ ಎಂದು ನಾನು ಬಿಡಿಸಿ ಹೇಳಿದರೆ ಮಾಮಾ ತಲೆ ಅಲ್ಲಾಡಿಸುತ್ತಿದ್ದ. "ಹಂಗಲ್ಲ. ಚಂದಾಗಿ ಬಿಸಿ ಐತಿ ಅಂತ." ಹಾಗಾದರೆ ನಡುವೆ ಆ 'ಆ್ಯಂಡ್' ಯಾಕೆ ಬಂತು? ಅದು ಅಲ್ಲಿ ಕೂತು ಏನು ಮಾಡುತ್ತಿದೆ? ಮಾಮಾನಿಗೂ ಗೊತ್ತಿರಲಿಲ್ಲ. "ದೊರಿ ಅಂತಿದ್ದ, ನಾ ಅಂತೇನಿ" ಎಂದು ಉಳಿದ ಚಹಾ ಕುಡಿದುಬಿಡುತ್ತಿದ್ದ.

ಹೊರ್ತಿಯಲ್ಲಿ ನಮ್ಮ ಬೀಗರಿದ್ದರು. ಅವರು ಮಗನ ಲಗ್ನಕ್ಕೆ ಕರೆಯಲು ಬಂದಾಗ ಮಾಮಾ, "ಟ್ರೈ ಆ್ಯಂಡ್ ಕಮ್ ಮಾಡ್ತೇನಿ" ಎಂದ. ಪ್ರಯತ್ನ ಮಾಡಿ ಬರುತ್ತೇನೆ ಎಂದು ನಾವು ತಿಳಿದೆವು. ಲಗ್ನದ ದಿನ ಮಧ್ಯಾಹ್ನದವರೆಗೆ ಖೋಲಿಯಲ್ಲಿ ಮಲಗಿದ್ದ. ಅವ್ವ ಸಿಟ್ಟಿಗೆದ್ದು ಕೇಳಿದರೆ, "ಟ್ರೈ ಮಾಡಿದ್ನಲ್ಲ ಅಕ್ಕಾ. ಎರಡರಾಗ ಒಂದರೆ ಆತಲ್ಲ" ಎಂದ.

ಎಂಟನೆಯ ಇಯತ್ತೆಯಲ್ಲಿ ಮುಲ್ಲಾ ಮಾಸ್ತರು ಬಂದರು. ಇಂಡಿಯವರೇ, ಅವರ ಅಜ್ಜ ಮುತ್ತಜ್ಜ ಎಲ್ಲ ಅಲ್ಲಿಯೇ ಒಕ್ಕಲುತನ ಮಾಡಿದವರು. ಇಂಗ್ಲಿಷು ಕಲಿಸುವಾಗಲೂ ಅರ್ಧ ಪಾಠ ಕನ್ನಡದಲ್ಲಿಯೇ ಸಾಗುತ್ತಿತ್ತು, ಅದು ನಮ್ಮ ಪುಣ್ಯ. ಮೊದಲ ವಾರವೇ ನಾನು ಮಾಮಾನಿಂದ ಕಲಿತಿದ್ದನ್ನು ಠೀವಿಯಿಂದ ಒಪ್ಪಿಸಿದೆ: "ಮಿ ಆ್ಯಂಡ್ ಮೈ ಮದರ್ ವೆಂಟ್ ಟು ಮಾರ್ಕೆಟ್." ಮಾಸ್ತರು ಕಿವಿ ಮುಚ್ಚಿಕೊಂಡರು. ಇಂಗ್ಲಿಷಿನಲ್ಲಿ ತನ್ನನ್ನು ತಾನು ಕೊನೆಗೆ ಹೇಳಿಕೊಳ್ಳಬೇಕು, 'ಮೈ ಮದರ್ ಆ್ಯಂಡ್ ಐ' ಎನ್ನಬೇಕು, ಅದು ಸಭ್ಯತನ ಎಂದು ತಿಳಿಸಿದರು. ಆಮೇಲೆ ಕಿಟಕಿಯಾಚೆ ನೋಡುತ್ತ, "ವಾಕ್ಯದಾಗ ಎಲ್ಲಾರಕಿಂತ ಹಿಂದ ನಿಂದರ್ತಾರ, ರಾಜ್ಯಾ ಆಳಾಕ ಎಲ್ಲಾರಕಿಂತ ಮುಂದ ಬರ್ತಾರ. ಏನ್ ಮಂದಿನೋ ಏನೋ" ಎಂದರು.

ಮನೆಗೆ ಬಂದು ಹೇಳಿದರೆ ಮಾಮಾ ಕೆರಳಿದ. ದೊರೆಯೇ ದಿನಾ 'ಮಿ ಆ್ಯಂಡ್ ಮೈ ಮಿಸೆಸ್' ಎನ್ನುತ್ತಿದ್ದನಂತೆ. "ಹುಟ್ಟಿದಾಗಿಂದ ಆಡಕೋತ ಬಂದಾನಂವ. ಅವಂಗ ನಿಮ್ಮ ಮುಲ್ಲಾ ಮಾಸ್ತರ ಕಲಸ್ತಾರೇನು?" ಮರುದಿನ ಮಾಸ್ತರಿಗೆ ಇದನ್ನು ಮುಟ್ಟಿಸಿದೆ. "ಆ ದೊರಿ ಮ್ಯಾಟ್ರಿಕ್ ಪರೀಕ್ಷಾಕ್ಕ ಕೂತ್ರ ನಪಾಸ್ ಆಗ್ತಾನ ಅಂತ ಹೇಳು" ಎಂದರು. ಇಬ್ಬರ ನಡುವೆ ಸಿಕ್ಕು ನನ್ನ ತಲೆ ಮೊಸರುಗಡಿಗೆಯಾಯಿತು. ಕಡೆಗೆ ಶಾಲೆಯಲ್ಲಿ ಮಾಸ್ತರ 'ಆ್ಯಂಡ್', ಮನೆಯಲ್ಲಿ ಮಾಮಾನ 'ಆ್ಯಂಡ್' ಎಂದು ಪಾಲು ಮಾಡಿಕೊಂಡು ಮ್ಯಾಟ್ರಿಕ್ ದಾಟಿದೆ. ಇಂಡಿಯಲ್ಲಿ ಆಗ ಮ್ಯಾಟ್ರಿಕ್ ಪಾಸಾದ ಹುಡುಗಿಯರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಹೆಮ್ಮೆ ಇತ್ತು ನನಗೆ, ಸುಳ್ಳು ಯಾಕೆ ಹೇಳಲಿ.

ನಿಜ ಹೇಳಬೇಕೆಂದರೆ ನಮ್ಮ ಮಾತಿಗೆ ಈ ಶಬ್ದದ ಹಂಗೇ ಇಲ್ಲ. ರೊಟ್ಟಿ ಪಲ್ಯ, ಅವ್ವ ಅಪ್ಪ, ಹೋಗಿ ಬರ್ತೇನಿ. ಎಲ್ಲಿದೆ ನಡುವೆ 'ಮತ್ತು'? ಅದು ಪಠ್ಯಪುಸ್ತಕದಲ್ಲಿ ಮಾತ್ರ ವಾಸ ಮಾಡುವ ಶಬ್ದ. ನಾನೇನಾದರೂ ಊಟಕ್ಕೆ ಕೂತು "ರೊಟ್ಟಿ ಮತ್ತು ಪಲ್ಯ ಕೊಡು" ಎಂದಿದ್ದರೆ ಅವ್ವ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು.

ಇರಲಿ. ನನ್ನ ಮದುವೆಗೆ ಬರೋಣ, ಯಾಕೆಂದರೆ ಗೊಂದಲದ ಬೇರು ಇರುವುದು ಅಲ್ಲಿ. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗನ ಕೈಯಿಂದ ಉಂಗುರದ ತುದಿಯಲ್ಲಿ ಹೆಸರು ಬರೆಸುತ್ತಾರೆ. ಅಲ್ಲಿಗೆ ತವರಿನ ಹೆಸರು ತವರಿನಲ್ಲೇ ಉಳಿಯಬೇಕು. ನನ್ನನ್ನು ಸಿಂದಗಿಗೆ ಕೊಟ್ಟರು. ಬೆಳಿಗ್ಗೆ ಶಾಂತಾ ಆಗಿ ಮಣೆಯ ಮೇಲೆ ಕೂತವಳು ಮಧ್ಯಾಹ್ನ ಗೋದಾವರಿಯಾಗಿ ಎದ್ದೆ. ನನ್ನ ವಾರಿಗೆಯವರಿಗೆಲ್ಲ ಸುನಂದಾ, ಸುಧಾ ಎಂದು ಹೊಸ ಹೊಸ ಹೆಸರು ಬಂದಿದ್ದವು. ನನಗೆ ಮಾತ್ರ ಈ ಅಜ್ಜಿ ಕಾಲದ್ದು! ಹೆಸರು ಆರಿಸಿದವರು ಅತ್ತೆ. ಊರಿಗೆಲ್ಲ ರಾಧಾಬಾಯಿ, ಮಾತು ಕಡಿಮೆ, ದನಿ ಗಡಸು. ಅವರೆದುರು ತಕರಾರು ತೆಗೆಯುವ ಧೈರ್ಯ ನನ್ನ ಗಂಡನಿಗೇ ಇರಲಿಲ್ಲ, ನನಗೆಲ್ಲಿಂದ ಬರಬೇಕು?

ಮೊದಮೊದಲು ನನಗೇ ಗೊಂದಲ. ಗೋದಾವರಿ ಎಂದು ಕರೆದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದೆ. ಇಂಡಿಗೆ ಹೋದರೆ ಶಾಂತಾ, ಸಿಂದಗಿಗೆ ಬಂದರೆ ಗೋದಾವರಿ. ಝಳಕಿಯಲ್ಲಿ ಗಂಡನ ಕಡೆಯವರೂ ತವರಿನವರೂ ಕೂಡಿದ ಒಂದು ಮದುವೆಯಲ್ಲಿ ಎರಡೂ ಹೆಸರು ಒಮ್ಮೆಲೇ ಎರಡು ದಿಕ್ಕಿನಿಂದ ಕೇಳಿಬಂದು, ಯಾವ ಕಡೆ ಹೋಗಬೇಕೋ ತಿಳಿಯದೆ ಹಂದರದ ನಡುವೆ ನಿಂತುಬಿಟ್ಟಿದ್ದೆ.

ಮದುವೆಯಾಗಿ ಕೆಲ ವರ್ಷಕ್ಕೆ ಗಂಡನಿಗೆ ಬಸವನ ಬಾಗೇವಾಡಿಯ ಕಚೇರಿಗೆ ವರ್ಗವಾಯಿತು. ಅವರು ಅಲ್ಲಿ ಒಂದು ಖೋಲಿ ಹಿಡಿದರು. ನಾನು, ಅತ್ತೆ ಸಿಂದಗಿಯಲ್ಲಿ. ಅವರ ಪಗಾರದಲ್ಲಿ ಬಾಗೇವಾಡಿಯಲ್ಲಿ ಮನೆ ಮಾಡುವುದು ಆಗದ ಮಾತು. ಹೀಗಿರುವಾಗ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷು ಕಲಿಸಲು ಮ್ಯಾಟ್ರಿಕ್ ಆದ ಹೆಂಗಸು ಬೇಕು ಎಂದು ಸುದ್ದಿ ಬಂತು. ಆ ನೌಕರಿ ಸಿಕ್ಕರೆ ಗಂಡ ಹೆಂಡತಿ ಒಂದೇ ಸೂರಿನಡಿ ಇರಬಹುದು. ಅದಕ್ಕಿಂತ ಹೆಚ್ಚಾಗಿ, ಹೇಳಲು ಸಂಕೋಚ, ಓದಿದ್ದು ಒಲೆಯ ಮುಂದೆ ಸುಟ್ಟುಹೋಗದೆ ಉಳಿಯುತ್ತದೆ. ಅತ್ತೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ಹೋಗೂದಾದ್ರ ನಾನೂ ಬರ್ತೇನಿ" ಎಂದಷ್ಟೇ ಹೇಳಿದರು.

ಮುಂಚಿತವಾಗಿ ಹೋಗಿ ಮಾತಾಡಿ ಬರುವ ಕೆಲಸವನ್ನು ಭೀಮು ಮಾಮಾ ಮೈಮೇಲೆ ಎಳೆದುಕೊಂಡ. ಆಯ್ಕೆ ಮಾಡಲು ಕೂತವರು ಮೈಸೂರು ಕಡೆಯ ಒಬ್ಬ ಸಾಹೇಬರು. ರಾಜ್ಯ ಒಂದಾಗಿತ್ತು, ಮಾತು ಇನ್ನೂ ಒಂದಾಗಿರಲಿಲ್ಲ. ಅವರ ಕನ್ನಡ ಇವನಿಗೆ ಪುಸ್ತಕ ಓದಿದ ಹಾಗೆ, ಇವನ ಕನ್ನಡ ಅವರಿಗೆ ಜಗಳಕ್ಕೆ ಬಂದ ಹಾಗೆ. ಹೀಗಾಗಿ ಮಾಮಾ ಇಂಗ್ಲಿಷಿಗೆ ಇಳಿದನಂತೆ. ಪಾಸಾದ ಹೆಸರು ಶಾಂತಾ, ಸಿಂದಗಿಯವರಿಗೆ ಗೊತ್ತಿರುವ ಹೆಸರು ಗೋದಾವರಿ. ಒಂದನ್ನೇ ಹೇಳಿದರೆ ಇನ್ನೊಂದು ಕಡೆಯವರಿಗೆ ಅಪಮಾನ. ಎರಡನ್ನೂ ಹೇಳಿಬಿಟ್ಟರೆ ಯಾರಿಗೂ ನೋವಿಲ್ಲ ಎಂದು ಲೆಕ್ಕ ಹಾಕಿ, "ಶಾಂತಾ ಆ್ಯಂಡ್ ಗೋದಾವರಿ ವಿಲ್ ಟ್ರೈ ಆ್ಯಂಡ್ ಕಮ್, ಸರ್" ಎಂದು ಹೇಳಿ ಬಂದಿದ್ದ.

ಸಿಂದಗಿಗೆ ಬಂದು ವರದಿ ಒಪ್ಪಿಸಿದ. "ಸಾಹೇಬ್ರು ಭಾಳ ಛಲೋ ಮನಷಾ. ಇರೂದು ಒಂದ ಜಾಗಾ, ಆದ್ರೂ ಇಬ್ರೂ ಬರಲಿ ಅಂದ್ರು."

"ಇಬ್ರು ಅಂದ್ರ ಯಾರು ಮಾಮಾ?"

ಮಾಮಾ ಒಂದು ಗಳಿಗೆ ಯೋಚಿಸಿದ. "ನೀನು, ನಾನು ಇರಬೇಕು ತಗೋ."

ಹೇಳಿದ ದಿನ ನಾನು, ಅತ್ತೆ, ಮಾಮಾ ಮೂವರೂ ದೇವರ ಹಿಪ್ಪರಗಿಯ ಮೇಲೆ ಹಾಯ್ದು ಬರುವ ಬಸ್ಸು ಹಿಡಿದು ಬಾಗೇವಾಡಿಗೆ ಬಂದೆವು. ಗಂಡ ಊರಲ್ಲಿರಲಿಲ್ಲ, ಕಚೇರಿಯ ಕೆಲಸದ ಮೇಲೆ ಅವರನ್ನು ಮುದ್ದೇಬಿಹಾಳಕ್ಕೆ ಕಳಿಸಿದ್ದರು. ಶಾಲೆಯ ಪಡಸಾಲೆಯಲ್ಲಿ ಕೂರಲು ಮರದ ಒಂದು ಉದ್ದನೆಯ ಬಾಕು. ಅತ್ತೆ, ಮಾಮಾ ಅದರ ಎರಡು ತುದಿಗೆ ಕೂತರು. ನಾನು ಪರದೆ ಸರಿಸಿ ಒಳಗೆ ಹೋದೆ.

ಸಾಹೇಬರು ಹೆಸರು ಕೇಳಿದರು. ಶಾಂತಾ ಎಂದೆ. ಸರ್ಟಿಫಿಕೇಟು ನೋಡಿದರು, ಒಂದು ಪಾಠ ಓದಿಸಿದರು. ನಿಮ್ಮ ಬಗ್ಗೆ, ನಿಮ್ಮ ಗೆಳತಿಯ ಬಗ್ಗೆ ಇಂಗ್ಲಿಷಿನಲ್ಲಿ ಏನಾದರೂ ಹೇಳಿ ಎಂದರು. ಮಾಮಾನನ್ನು ಬದಿಗೆ ಸರಿಸಿ ಮುಲ್ಲಾ ಮಾಸ್ತರನ್ನು ನೆನೆದು, 'ಮೈ ಫ್ರೆಂಡ್ ಆ್ಯಂಡ್ ಐ' ಎಂದು ಶುರು ಮಾಡಿದೆ. ಅವರ ಮುಖ ಅರಳಿತು. ಗೆದ್ದೆ ಎಂದುಕೊಂಡೆ.

"ತುಂಬಾ ಚೆನ್ನಾಗಿದೆಯಮ್ಮಾ. ನೀವು ಹೊರಗಿರಿ. ಗೋದಾವರಿಯವರನ್ನು ಕಳಿಸಿಕೊಡಿ."

ಆಗಲೇ 'ಅದೂ ನಾನೇ' ಎನ್ನಬೇಕಿತ್ತು. ಯಾಕೆ ಎನ್ನಲಿಲ್ಲವೋ ನನಗೆ ಇಂದಿಗೂ ತಿಳಿದಿಲ್ಲ. ದೊಡ್ಡವರು ಹೊರಗೆ ಹೋಗು ಎಂದರೆ ಹೋಗುವುದು ರೂಢಿ. ಕಾಲು ತಾವೇ ಹೊರಬಿದ್ದವು. ಪಡಸಾಲೆಯಲ್ಲಿ ನಿಂತು ಮಾಮಾನಿಗೆ, "ಗೋದಾವರೀನ ಕಳಸು ಅಂತಾರ" ಎಂದೆ.

"ಹಂಗಾರ ಹೋಗ!"

"ಈಗರೆ ಬಂದ್ನೆಲ್ಲ?"

"ಈಗ ಬಂದಾಕಿ ಶಾಂತಾ. ಈಗ ಗೋದಾವರಿ ಆಗಿ ಹೋಗ. ಕರದ ಮ್ಯಾಲ ಹೋಗದಿದ್ರ ಹ್ಯಾಂಗ?"

ಸೆರಗು ಸರಿಮಾಡಿಕೊಂಡು ಮತ್ತೆ ಒಳಗೆ ಹೋದೆ. ಸಾಹೇಬರು ತಲೆಯೆತ್ತಿದರು. "ಏನಾದರೂ ಮರೆತಿರಾ?"

"ಇಲ್ರಿ. ಗೋದಾವರಿ ಬಂದಾಳ್ರಿ."

"ಎಲ್ಲಿ?"

"ನಾನ್ರಿ."

ಅವರು ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, ಮಕ್ಕಳಿಗೆ ಬುದ್ಧಿ ಹೇಳುವ ದನಿಯಲ್ಲಿ, "ಇರೋದು ಒಂದೇ ಜಾಗ, ನಿಜ. ಹಾಗಂತ ಇನ್ನೊಬ್ಬರಿಗೆ ಅವಕಾಶ ತಪ್ಪಿಸೋದು ಸರಿಯಲ್ಲಮ್ಮ. ಅವರನ್ನೂ ನೋಡದೆ ನಿಮಗೆ ಕೊಟ್ಟರೆ ಅನ್ಯಾಯವಾಗುತ್ತೆ" ಎಂದರು. ನ್ಯಾಯವಂತ ಮನುಷ್ಯ. ಅಷ್ಟು ನ್ಯಾಯ ನನಗೆ ಆ ಹೊತ್ತಿಗೆ ಬೇಕಿರಲಿಲ್ಲ.

ಮಾತು ಕೇಳಿಸಿಕೊಂಡು ಮಾಮಾ ಒಳನುಗ್ಗಿದ. ಕನ್ನಡದಲ್ಲಿ ಹೇಳಿದ್ದರೆ ಏನಾಗುತ್ತಿತ್ತೋ. ಅವನು ನೇರ ಇಂಗ್ಲಿಷಿಗೇ ಕೈ ಹಾಕಿದ. "ಸರ್, ಶೀ ಆ್ಯಂಡ್ ಶೀ ಸೇಮ್." ಅವಳು ಮತ್ತು ಅವಳು ಒಂದೇ ಎಂದು. ಮುಂದುವರಿದು, ಮದುವೆಗೆ ಮುಂಚೆ ಶಾಂತಾ, ಮದುವೆಯ ನಂತರ ಗೋದಾವರಿ ಎಂದೂ ಬಿಡಿಸಿದ. ಮದುವೆಯಾದರೆ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ ಎಂಬುದನ್ನು ಸಾಹೇಬರು ತಮ್ಮ ಕಡೆ ಕಂಡಿರಲಿಲ್ಲ, ಕೇಳಿರಲಿಲ್ಲ. ಮನೆತನದ ಹೆಸರು ಬದಲಾದೀತು, ಇದ್ದ ಹೆಸರೇ ಹೇಗೆ ಹೋದೀತು? ಅವರ ಹುಬ್ಬು ಗಂಟಿಕ್ಕಿದವು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಾಸಾಗಿರೋದು ಶಾಂತಾ. ಈಗ ಇವರು ಗೋದಾವರಿ ಅಂತೀರಿ. ಹಾಗಾದರೆ ಶಾಂತಾ ಯಾರು? ಈ ಸರ್ಟಿಫಿಕೇಟು ಯಾರದು?"

ಓದಿದವಳು ನಾನು, ಪಾಸಾದವಳು ನಾನು. ಈಗ ಇನ್ನೊಬ್ಬಳ ಸರ್ಟಿಫಿಕೇಟು ಕದ್ದು ತಂದವಳ ಹಾಗೆ ನಿಂತಿದ್ದೆ. ನಾನು ಶಾಂತಾ ಒಬ್ಬಳೇ, ಗೋದಾವರಿ ಎಂಬುವಳು ಇಲ್ಲವೇ ಇಲ್ಲ ಎಂದುಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಹೆಸರು ಕೊಟ್ಟವರು ಪರದೆಯಾಚೆ ಕೂತಿದ್ದರು. ಅವರ ಕಿವಿಗೆ ಬೀಳುವಂತೆ ಆ ಮಾತು ಹೇಗೆ ಆಡಲಿ? ಆಡಿದ ಮೇಲೆ ಯಾವ ಮುಖ ಹೊತ್ತು ಆ ಮನೆಗೆ ಹೋಗಲಿ? ಬಾಯಿ ತೆರೆದೆ, ಅಳು ಬಂತು.

ಸಾಹೇಬರಿಗೂ ಸಾಕಾಗಿತ್ತು. "ಇದು ಹೀಗೆ ಬಗೆಹರಿಯಲ್ಲ. ಇನ್ನೊಬ್ಬರು ಎದುರಿಗೆ ಬರೋವರೆಗೆ ನಾನು ಈ ಜಾಗ ಯಾರಿಗೂ ಕೊಡೋದಿಲ್ಲ" ಎಂದು ಎದ್ದು ನಿಂತು, ಬಾಗಿಲ ಕಡೆ ತಿರುಗಿ ದನಿಯೆತ್ತಿ ಕೂಗಿದರು. "ಗೋದಾವರೀ! ಗೋದಾವರಿ ಅನ್ನೋರು ಯಾರಮ್ಮಾ?"

"ಬಂದೇರಿ."

ಪರದೆ ಸರಿಯಿತು. ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು ಅತ್ತೆ ಒಳಗೆ ಬಂದು ನಿಂತರು. "ಗೋದಾವರಿ ನಾನ್ರಿ."

ಸಾಹೇಬರು ಅವರ ನರೆತ ಕೂದಲು ನೋಡಿದರು, ಬರಿಗಾಲು ನೋಡಿದರು. "ನೀವು... ಇಂಗ್ಲಿಷ್ ಕಲಿಸೋದಕ್ಕೆ ಬಂದಿದ್ದೀರಾ?"

"ನನಗ ಕನ್ನಡಾ ಓದಾಕ ಬರೂದಿಲ್ರಿ, ಇಂಗ್ಲಿಷ್ ಎಲ್ಲಿಂದ ತರಲಿ? ನೌಕರಿ ನನಗ ಬ್ಯಾಡ. ಇಕಿ ಶಾಂತಾ, ನಮ್ಮ ಸೊಸಿ. ಪಾಸ್ ಆದಾಕಿ ಇಕೀನ. ಇಕಿಗೆ ಕೊಡ್ರಿ."

"ಹಾಗನ್ನಿ ಮತ್ತೆ!" ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತು ದೊಡ್ಡ ಉಸಿರು ಬಿಟ್ಟರು. ಅತ್ತೆ ಸೊಸೆ ಇಬ್ಬರೂ ಬರುತ್ತಾರೆ ಎನ್ನುವುದನ್ನು ಈ ಪುಣ್ಯಾತ್ಮ ಹೀಗೆ ಹೇಳಿದ್ದಾನೆ ಎಂದು ಅವರು ತಾವೇ ಸಮಾಧಾನ ಮಾಡಿಕೊಂಡರು. "ನೀವು ಕನ್ನಡದಲ್ಲೇ ಹೇಳಬಾರದಿತ್ತೇನ್ರೀ?" ಎಂದು ಮಾಮಾನನ್ನು ಗದರಿದರು. ಮಾಮಾ ತಿದ್ದಲು ಬಾಯಿ ತೆರೆದ. ಅತ್ತೆ ಒಮ್ಮೆ ನೋಡಿದ್ದೇ ಮುಚ್ಚಿದ. ಬರುವ ಸೋಮವಾರದಿಂದ ಕೆಲಸಕ್ಕೆ ಬರಲು ಸಾಹೇಬರು ನನಗೆ ಹೇಳಿದರು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮಾಮಾ ಚಹಾದಂಗಡಿ ಹುಡುಕಿಕೊಂಡು ಹೋದ. ನಾನು, ಅತ್ತೆ ಬೇವಿನ ಗಿಡದ ನೆರಳಿಗೆ ಕೂತೆವು. ನನಗೆ ಇನ್ನೂ ಬಿಕ್ಕು ನಿಂತಿರಲಿಲ್ಲ. ಯಾವತ್ತೂ ಎದುರು ಕೂತು ಮಾತಾಡಿದವಳಲ್ಲ, ಆದರೂ "ನನ್ನ ಸಲುವಾಗಿ ನೀವು ಸುಳ್ಳ ಹೇಳಬೇಕಾತಲ್ರಿ ಅತ್ತಿ" ಎಂದೆ.

"ಸುಳ್ಳ ಯಾಕ ಹೇಳ್ಲಿ?" ಅವರು ರಸ್ತೆಯ ಕಡೆಗೇ ನೋಡುತ್ತಿದ್ದರು. "ತವರೂರ ಕನ್ನೊಳ್ಳ್ಯಾಗ ಹುಟ್ಟಿದಾಗ ನನಗಿಟ್ಟ ಹೆಸರ ಅದು. ಲಗ್ನದಾಗ ರಾಧಾಬಾಯಿ ಮಾಡಿದ್ರು. ನಾ ಇನ್ನೂ ಸಣ್ಣಾಕಿ, ಏನ್ ತಿಳೀತೈತಿ. ತವರಮನ್ಯಾಗ ಗೋದಾವರಿ ಅಂತನ ಕರೀತಿದ್ರು. ಅವ್ವ ಹೋದ್ಲು, ಅಪ್ಪ ಹೋದ, ಅಣ್ಣನೂ ಹೋದ. ಹಂಗ ಕರಿಯವ್ರು ಯಾರೂ ಉಳೀಲಿಲ್ಲ. ಆಮ್ಯಾಲ ನೀ ಬಂದಿ. ಹೆಸರು ಹೇಳ್ರಿ ಅಂದ್ರು. ಕೇಳಾಕಂತೂ ಸಿಗೂದಿಲ್ಲ, ನನ್ನ ಬಾಯಿಲೆ ಕರಿಯಾಕರೆ ಸಿಗ್ತೈತಿ ಅಂತ ಅದನ್ನ ಹೇಳಿದ್ನಿ."

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಅವರ ಕಡೆ ತಿರುಗಿದೆ.

"ಇವತ್ತ ಆ ಸಾಹೇಬ್ರು ಒದರಿದ್ರಲ್ಲ," ಅತ್ತೆ ಮತ್ತೆ ಶುರು ಮಾಡಿದರು. "ನಿನ್ನ ನೌಕರಿ ಸಲುವಾಗಿ ಎದ್ದು ಬಂದ್ಲು ಅಂತ ತಿಳೀಬ್ಯಾಡ. ಹೆಸರ ಕೇಳಿ ಎದ್ನಿ. ಒಳಗ ಬಂದ ಮ್ಯಾಲ ನಿನ್ನ ನೌಕರಿ ನೆಪ್ಪಾತು."

ಬಾಗೇವಾಡಿಯಲ್ಲಿ ಮನೆ ಮಾಡಿದೆವು, ಅತ್ತೆಯೂ ಬಂದರು. ಶಾಲೆಯಲ್ಲಿ ನಾನು ಶಾಂತಾಬಾಯಿ ಟೀಚರು, ಮನೆಯಲ್ಲಿ ಮೊದಲಿನಂತೆ ಗೋದಾವರಿ. ಆದರೆ ಆಮೇಲೆ ಅತ್ತೆ ಕರೆದಾಗ ನಾನು ಮೊದಲನೆಯ ಕೂಗಿಗೆ ಎಂದೂ ಓ ಎನ್ನಲಿಲ್ಲ. ಅವರು ಇನ್ನೊಮ್ಮೆ ಕರೆಯಲಿ, ಮನೆಯ ತುಂಬ ಕೇಳಿಸಲಿ ಎಂದು ಕೈಯಲ್ಲಿದ್ದ ಕೆಲಸ ಹಿಡಿದು ಸುಮ್ಮನೆ ಕೂತಿರುತ್ತಿದ್ದೆ. ಟೀಚರಿಗೆ ಕಿವಿ ಮಂದ ಎಂದು ಓಣಿಯಲ್ಲೆಲ್ಲ ಸುದ್ದಿಯಾಯಿತು. ಗಂಡನೂ ಒಮ್ಮೆ ಡಾಕ್ಟರಿಗೆ ತೋರಿಸೋಣವೇ ಎಂದು ಕೇಳಿದರು. ಅತ್ತೆ ಮಾತ್ರ ಒಂದು ದಿನವೂ ನನ್ನನ್ನು ಕಿವುಡಿ ಎನ್ನಲಿಲ್ಲ. ಮೊದಲ ಸಲ ಕೂಗುವಾಗ ಅವರು ನನ್ನ ಕಡೆಗೆ ಮುಖ ಮಾಡುತ್ತಲೇ ಇರಲಿಲ್ಲ.